ಬಿದ್ದ ಹಣ್ಣು ಆಯುವ ಲೆಕ್ಕ

ಅರಸೀಕೆರೆ ತಾಲ್ಲೂಕಿನ ಬಾಣಾವರದ ಬಳಿಯ ಒಂದು ಮಾವಿನ ತೋಟದಲ್ಲಿ, ಮೇ ತಿಂಗಳ ಕೊನೆಯ ವಾರ ಸುತ್ತಮುತ್ತಲಿನ ಬೆಳೆಗಾರರ ಮುಂದೆ ಆಡಿದ ಮಾತನ್ನು ಬರಹಕ್ಕಿಳಿಸಿದ್ದೇನೆ. ನಡುವೆ ಎದ್ದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಹಣ್ಣು ಕೈಯಿಂದ ಕೈಗೆ ಹೋಗಲಿ. ಬಾದಾಮಿ. ಬೆಳಿಗ್ಗೆ ಇದೇ ತೋಟದಲ್ಲಿ, ಬಾವಿ ಪಕ್ಕದ ಮರದ ಬುಡದಲ್ಲಿ ಸಿಕ್ಕಿತು. ಬಣ್ಣಕ್ಕೆ ಮೋಸವಿಲ್ಲ, ವಾಸನೆಗೆ ಮೋಸವಿಲ್ಲ. ತೊಟ್ಟಿನಿಂದ ಎರಡು ಬೆರಳು ಕೆಳಗೆ ಹೆಬ್ಬೆರಳು ಆಡಿಸಿ ನೋಡಿ. ಸೂಜಿ ಚುಚ್ಚಿದಷ್ಟು ಒಂದು ಕಲೆ ಸಿಗುತ್ತದೆ, ಒತ್ತಿದರೆ ಅಲ್ಲಿ ಮಾತ್ರ ಮೆತ್ತಗೆ. ಈಗ ಕೊಯ್ಯುತ್ತೇನೆ. ನೋಡಿದಿರಲ್ಲ, ತಿರುಳು ನೀರಾಗಿದೆ, ಒಳಗೆ ಅಕ್ಕಿಕಾಳಿನ ಗಾತ್ರದ ಬಿಳಿ ಹುಳಗಳು. ಒಂದು ಹುಳ ತಲೆ-ಬಾಲ ಕೂಡಿಸಿ ಬಿಲ್ಲಿನ ಹಾಗೆ ಬಗ್ಗಿ, ಚಾಕುವಿನ ಮೇಲಿಂದ ಚಿಮ್ಮಿ ಮಣ್ಣಿಗೆ ಬಿತ್ತು. ಹೆದರಿ ಹಾರಿದ್ದಲ್ಲ ಅದು. ಅದಕ್ಕೆ ಈಗ ಬೇಕಾಗಿರುವುದೇ ಮಣ್ಣು.

ನಾವು ಇದನ್ನು ಊಜಿ ಎನ್ನುತ್ತೇವೆ. ರೇಷ್ಮೆಯವರ ಊಜಿ ಬೇರೆ, ಇದು ಹಣ್ಣಿನ ನೊಣ. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆಯುತ್ತದೆ, ಮರಿಹುಳ ಸುಮಾರು ಒಂದು ವಾರ ತಿರುಳು ತಿನ್ನುತ್ತದೆ, ಹಣ್ಣು ಉದುರುತ್ತದೆ, ಹುಳ ಹೊರಬಂದು ಮೇಲಿನ ಎರಡು-ಮೂರು ಇಂಚು ಮಣ್ಣಿನೊಳಗೆ ಕೋಶವಾಗುತ್ತದೆ. ಹತ್ತು ದಿನದ ಆಸುಪಾಸಿನಲ್ಲಿ ಮತ್ತೆ ನೊಣ. ಹಾಗೆ ಎದ್ದ ಹೆಣ್ಣು ಇನ್ನೊಂದಷ್ಟು ದಿನ ಉಂಡು ಬಲಿತು ಮೊಟ್ಟೆ ಇಡತೊಡಗುತ್ತದೆ. ಅಂದರೆ ಇವತ್ತು ಬಾದಾಮಿಯಲ್ಲಿ ಬೆಳೆದ ಹುಳ, ಮುಂದೆ ತಡವಾಗಿ ಬರುವ ಮಲ್ಲಿಕಾ ಮಾವು ಬಲಿಯುವ ಹೊತ್ತಿಗೆ ಅಮ್ಮನಾಗಿ ಬರುತ್ತದೆ.

ಇಷ್ಟು ವಿವರ ಹೇಳಿದ್ದಕ್ಕೆ ಕಾರಣ ಇದೆ. ಹುಳ ಹಣ್ಣಿನೊಳಗೆ ಇರುವಾಗ ನೀವು ಎಂಥ ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ. ತಾಗಿದರೆ ಹಣ್ಣು ತಿನ್ನುವವರಿಗೆ ತಾಗುತ್ತದೆ. ನೊಣ ಹಾರಾಡುವಾಗ ಹೊಡೆದರೆ ಅದು ಪಕ್ಕದ ಹೊಂಗೆಮರದಲ್ಲಿ ಕೂತಿರುತ್ತದೆ. ಆದರೆ ಬಿದ್ದ ಹಣ್ಣಿನೊಳಗೆ ಇರುವ ಆ ಎರಡು ಮೂರು ದಿನ ಅದು ಎಲ್ಲಿಗೂ ಓಡಲಾರದು. ಬಗ್ಗಿ ಕೈ ಹಾಕಿದರೆ ಸಿಗುತ್ತದೆ. ಪ್ರತಿ ಕೀಟದ ಬದುಕಿನಲ್ಲೂ ಇಂಥದ್ದೊಂದು ಸಂದು ಇದೆ. ನಮ್ಮ ದುಡ್ಡು, ನಮ್ಮ ಆಳು ಆ ಸಂದಿನಲ್ಲಿ ಖರ್ಚಾಗಬೇಕು ಎಂಬುದನ್ನೇ ನಾನು ಇವತ್ತು ಹೇಳಲು ಬಂದಿರುವುದು.

ನಾನು ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವನು. ಬೀರೂರಿನ ಹತ್ತಿರ ನಮ್ಮದೂ ಮಾವಿನ ತೋಟ ಇದೆ. ಓದಿ ಬಂದವನು ಸರಿಯಾಗಿ ಮಾಡಿರಬೇಕು ಎಂದುಕೊಳ್ಳಬೇಡಿ. ತೋಟ ಕೈಗೆ ಬಂದ ಮೊದಲ ವರ್ಷಗಳಲ್ಲಿ ಒಂದು ಅಂಗಡಿಯವರು ಹೇಳಿದ ಹಾಗೆ ಮೂರು ಬಾಟಲಿ ಬೆರೆಸಿ, ಹೂತೆನೆ ಕಂಡಾಗಿನಿಂದ ಹದಿನೈದು ದಿನಕ್ಕೊಮ್ಮೆ ಹೊಡೆಸಿದೆ. ಕ್ಯಾಲೆಂಡರ್ ನೋಡಿ ಹೊಡೆಸಿದೆನೇ ಹೊರತು ಮರ ನೋಡಲಿಲ್ಲ. ಮಾರನೆಯ ವರ್ಷ ಎಲೆಯಡಿ ಚಿಪ್ಪಿನ ಹಾಗೆ ಅಂಟಿ ರಸ ಹೀರುವ ಶಲ್ಕ ಕೀಟ, ತೊಟ್ಟಿನ ಸುತ್ತ ಹಿಟ್ಟು ತಿಗಣೆ, ಅವುಗಳ ಅಂಟು ಸುರಿದು ಎಲೆಯೆಲ್ಲ ಮಸಿ ಬಳಿದ ಹಾಗೆ ಕಪ್ಪು. ಕೊಟ್ಟಿಗೆ ಪಕ್ಕದ ನಾಲ್ಕು ಮರಗಳು ಮಾತ್ರ ಹಸಿರಾಗಿ ನಿಂತಿದ್ದವು. ದನಕ್ಕೆ ನೀರಿಡುವ ತೊಟ್ಟಿ ಆ ಮರಗಳ ಕೆಳಗೇ ಇದ್ದದ್ದರಿಂದ ಅವಕ್ಕೆ ಔಷಧಿ ಹೊಡೆದಿರಲಿಲ್ಲ.

ಆ ನಾಲ್ಕು ಮರ ನನಗೆ ಕಲಿಸಿದ್ದನ್ನು ಯಾವ ತರಗತಿಯೂ ಕಲಿಸಿರಲಿಲ್ಲ. ಒಂದು ಕೊಂಬೆ ಬಗ್ಗಿಸಿ ನೋಡಿದೆ. ಹಿಟ್ಟು ತಿಗಣೆ ಅಲ್ಲೂ ಇತ್ತು, ನಾಲ್ಕಾರು. ಅವುಗಳ ನಡುವೆ ಅದೇ ತರಹ ಮೈತುಂಬ ಬಿಳಿ ಜೂಲು ಹೊತ್ತ, ಸ್ವಲ್ಪ ದೊಡ್ಡ ಹುಳ ಓಡಾಡುತ್ತಿತ್ತು. ನೀವೂ ನೋಡಿರುತ್ತೀರಿ, ದೊಡ್ಡ ತಿಗಣೆ ಎಂದು ಹೊಸಕಿಯೂ ಇರುತ್ತೀರಿ. ಅದು ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಗುಲಗಂಜಿ ಹುಳದ ಮರಿ. ಕಡ್ಡಿ ತುದಿಯಿಂದ ಮುಟ್ಟಿ ನೋಡಿ: ತಿಗಣೆ ಕೂತಲ್ಲೇ ಮಿಸುಕುತ್ತದೆ, ಇದು ಸರಸರ ಓಡುತ್ತದೆ. ಇದರ ಹೆಸರು ಕ್ರಿಪ್ಟೊಲೀಮಸ್. ಆಸ್ಟ್ರೇಲಿಯಾದ್ದು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲಿ ಎಂದು ನಮ್ಮ ದೇಶಕ್ಕೆ ತಂದರು. ಬಂದ ಕೆಲಸದಲ್ಲಿ ಅದು ಗೆಲ್ಲಲಿಲ್ಲ. ಆದರೆ ಹಿಟ್ಟು ತಿಗಣೆ ತಿಂದುಕೊಂಡು ದಕ್ಷಿಣದಲ್ಲಿ ನೆಲೆ ನಿಂತಿತು. ನೂರಕ್ಕೂ ಹೆಚ್ಚು ವರ್ಷದಿಂದ ಸಂಬಳವಿಲ್ಲದೆ ದುಡಿಯುತ್ತಿರುವ ಈ ಆಳನ್ನು ನಾನು ದುಡ್ಡು ಕೊಟ್ಟು ಸಾಯಿಸಿದ್ದೆ. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಪಪ್ಪಾಯ ಬೆಳೆದವರು ಇಲ್ಲಿ ಇದ್ದೀರಿ. 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ನಮ್ಮ ಕಡೆಗೂ ಬಂತು. ಪಪ್ಪಾಯ, ಹಿಪ್ಪುನೇರಳೆ ಎಲ್ಲಕ್ಕೂ ಹತ್ತಿತು. ಮೇಲೆ ಮೇಣದ ಹೊದಿಕೆ ಇರುವುದರಿಂದ ಔಷಧಿ ಜಾರಿ ಹೋಗುತ್ತಿತ್ತು. ಎಷ್ಟೋ ಜನ ಗಿಡ ಕಡಿದು ಹಾಕಿದರು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಸಣ್ಣ ಪರಾವಲಂಬಿ ಕಣಜಗಳನ್ನು ತಂದು, ಇಲ್ಲೇ ಬೆಳೆಸಿ ಬಿಟ್ಟರು. ಅದರಲ್ಲಿ ಅಸೆರೊಫೇಗಸ್ ಎಂಬುದು ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ. ಕೆಲವೇ ತಿಂಗಳಲ್ಲಿ ತಿಗಣೆ ಇಳಿಯಿತು. ಔಷಧಿ ಹೊಡೆಯುತ್ತಲೇ ಇದ್ದ ತೋಟಗಳಲ್ಲಿ ಆ ಕಣಜ ಉಳಿಯುವುದು ಹೇಗೆ ಹೇಳಿ?

ಇಲ್ಲಿ ಒಬ್ಬರು ಕೇಳಿದರು: "ತೆಂಗಿಗೂ ಹಂಗೇ ಕರಿ ಮಸಿ ಐತಲ್ಲ ಸಾರ್, ಬಿಳಿ ನೊಣ. ಅದಕ್ಕೇನು ಹೊಡೀಬೇಕು?" ಅರಸೀಕೆರೆಯಲ್ಲಿ ನಿಂತು ತೆಂಗಿನ ಮಾತು ಬಿಟ್ಟರೆ ಆದೀತೇ! ಅದು ಸುರುಳಿ ಸುತ್ತುವ ಬಿಳಿ ನೊಣ, 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡದ್ದು. ಅದಕ್ಕೆ ವಿಷ ಹೊಡೆಯಬೇಡಿ ಎಂದೇ ವಿಜ್ಞಾನಿಗಳು ಹೇಳುತ್ತಾರೆ. ಎನ್‌ಕಾರ್ಸಿಯ ಎಂಬ ಕಣಜ ಅದರ ಹಿಂದೆಯೇ ಬಂದಿದೆ. ಅಂಟು ಹಳದಿ ಹಾಳೆ ಕಟ್ಟಿ, ಗರಿಯಡಿಗೆ ಜೋರಾಗಿ ನೀರು ಹಾಯಿಸಿ, ಕಣಜಕ್ಕೆ ಸಮಯ ಕೊಡಿ. ಮರಕ್ಕೆ ಗೊಬ್ಬರ-ನೀರು ತಪ್ಪಿಸಬೇಡಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟ ವಿಜ್ಞಾನಿಗಳು ಒಂದು ಸರಳ ಮಾತು ಬರೆದರು. ಹುಳ ಮಾಡುವ ನಷ್ಟ ಹುಳ ಕೊಲ್ಲುವ ಖರ್ಚಿಗೆ ಸಮವಾಗುವ ಒಂದು ಮಟ್ಟ ಇದೆ. ಆ ಮಟ್ಟ ಮುಟ್ಟುವ ಸೂಚನೆ ಇಲ್ಲದಿದ್ದರೆ ಕೈ ಕಟ್ಟಿ ಕೂರುವುದೇ ಲಾಭ ಎಂದು. ನಮ್ಮ ತೋಟಕ್ಕೆ ಹೊಂದಿಸಿ ನೋಡಿ. ಹತ್ತು ಮೀಟರ್ ಅಂತರದ ತೋಟದಲ್ಲಿ ಎಕರೆಗೆ 40 ಮರ. ಔಷಧಿ, ನೀರು, ಪಂಪು, ಆಳು ಎಲ್ಲ ಸೇರಿ ಒಂದು ಸಲದ ಸಿಂಪಡಣೆಗೆ 3,000 ರೂಪಾಯಿ ಎಂದು ಇಟ್ಟುಕೊಳ್ಳಿ. ಬಾದಾಮಿಗೆ ಕಿಲೋಗೆ 40 ಸಿಗುತ್ತದೆ ಎನ್ನಿ. ಆ ಸಿಂಪಡಣೆ 75 ಕಿಲೋ ಹಣ್ಣು ಉಳಿಸಿದರೆ ಅಸಲು ಬಂತು. ಮರಕ್ಕೆ ಹತ್ತಿರ ಹತ್ತಿರ ಎರಡು ಕಿಲೋ, ಕಿಲೋಗೆ ನಾಲ್ಕು ಹಣ್ಣಿನಂತೆ ಎಂಟು ಹಣ್ಣು. ನಿಮ್ಮ ಮರದಲ್ಲಿ ಹುಳದಿಂದ ಹೋಗುವುದು ನಾಲ್ಕೇ ಹಣ್ಣಾದರೆ, ಆ ಸಿಂಪಡಣೆ ನಷ್ಟದ ಬಾಬತ್ತು. ಬೆಲೆ ಇಪ್ಪತ್ತಕ್ಕೆ ಇಳಿದ ವರ್ಷ ಹದಿನಾರು ಹಣ್ಣು ಉಳಿಯದ ಹೊರತು ಗಿಟ್ಟುವುದಿಲ್ಲ. ಈ ಅಂಕಿಗಳು ನನ್ನವು. ನಿಮ್ಮ ಊರಿನ ಕೂಲಿ, ನಿಮ್ಮ ಮಂಡಿಯ ರೇಟು ಹಾಕಿ, ಬೀಡಿ ಕಟ್ಟಿನ ಹಿಂದೆ ಬರೆದರೂ ಸಾಕು, ಬರೆದು ನೋಡಿ. ಬರೆದ ಮೇಲೆ ಅಂಗಡಿಗೆ ಹೋಗಿ.

ಜೊತೆಗೆ ಇನ್ನೊಂದು ಕೆಲಸ ಮಾಡಿ. ಯಾವ ಔಷಧಿ ಹೊಡೆದರೂ ಐದು ಮರ ಬಿಡಿ, ಕಾಂಡಕ್ಕೆ ಸುಣ್ಣದ ಗುರುತು ಹಾಕಿ. ಕೊಯ್ಲಿನಲ್ಲಿ ಆ ಐದು ಮರದ ಹಣ್ಣು ಬೇರೆ ಕ್ರೇಟಿಗೆ ಹಾಕಿಸಿ ಎಣಿಸಿ. ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ನಿಮಗೆ ಹೇಳಬಲ್ಲ ಸಾಕ್ಷಿ ಅದೊಂದೇ.

ಊಜಿಗೆ ಹಿಂದಿರುಗುತ್ತೇನೆ. ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಟ್ರ್ಯಾಪು ಕಟ್ಟಿದವರು ಎಷ್ಟು ಜನ? ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ, ಸಂತೋಷ. ಈ ಟ್ರ್ಯಾಪಿನ ಕಥೆ ನಮ್ಮ ದೇಶದಲ್ಲೇ ಶುರುವಾದದ್ದು. ಬಿಹಾರದ ಪೂಸಾ ಸಂಶೋಧನಾ ಕೇಂದ್ರದಲ್ಲಿ ಹೌಲೆಟ್ ಎಂಬ ಕೀಟ ವಿಜ್ಞಾನಿ ಇದ್ದರು. ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣ ಮುತ್ತುವುದನ್ನು, ಬರುವುದೆಲ್ಲ ಗಂಡೇ ಎಂಬುದನ್ನು ಅವರು ಗಮನಿಸಿ 1912ರಲ್ಲಿ ಬರೆದರು. 1915ರ ಹೊತ್ತಿಗೆ ಆ ಸೆಳೆತದ ಮೂಲ ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ವಸ್ತು ಎಂದು ಕಂಡುಕೊಂಡರು. ನಮ್ಮ ತುಳಸಿಯಲ್ಲೂ ಅದು ಇದೆ. ಒಂದು ಹಿಡಿ ತುಳಸಿ ಎಲೆ ಜಜ್ಜಿ ಮಾವಿನ ಮರದಡಿ ಇಟ್ಟು ಮಕ್ಕಳಿಗೆ ತೋರಿಸಿ, ಸ್ವಲ್ಪ ಹೊತ್ತಿಗೇ ಸಣ್ಣ ಕಣಜದಂಥ, ಬೆನ್ನ ಮೇಲೆ ಹಳದಿ ಪಟ್ಟಿಯ ನೊಣ ಬಂದು ನೆಕ್ಕುತ್ತಾ ಕೂರುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಅಳತೆ ಹೇಳುತ್ತೇನೆ. ಸ್ಪಿರಿಟ್ ಆರು ಪಾಲು, ಮೀಥೈಲ್ ಯೂಜಿನಾಲ್ ನಾಲ್ಕು ಪಾಲು, ಮೆಲಾಥಿಯಾನ್ ಕೀಟನಾಶಕ ಒಂದು ಪಾಲು. ಎರಡು ಇಂಚು ಚೌಕದ ಪ್ಲೈವುಡ್ ತುಂಡುಗಳನ್ನು ಇದರಲ್ಲಿ 48 ಗಂಟೆ ನೆನೆಸಿ, ತಂತಿಗೆ ಸಿಕ್ಕಿಸಿ ಖಾಲಿ ನೀರಿನ ಬಾಟಲಿಯೊಳಗೆ ನೇತುಹಾಕಿ, ಬಾಟಲಿಯ ಪಕ್ಕಗಳಲ್ಲಿ ನೊಣ ನುಗ್ಗುವಷ್ಟು ಕಿಂಡಿ ಮಾಡಿ. ಆಳೆತ್ತರದಲ್ಲಿ, ನೆರಳಿನಲ್ಲಿ ಕಟ್ಟಿ. ಕೈಗೆ ಗವಸು ಇರಲಿ. ಆ ಡಬ್ಬ ಮತ್ತೆ ಅಡುಗೆಮನೆಗೆ ಹೋಗಬಾರದು. ಮೊದಲು ಮೆಲಾಥಿಯಾನ್ ಬದಲು ಡೈಕ್ಲೋರ್‌ವಾಸ್ ಹಾಕುತ್ತಿದ್ದವರೂ ಇದ್ದಾರೆ, ಅದು 2020ರ ಕೊನೆಗೆ ನಿಷೇಧವಾಗಿದೆ. ಎಕರೆಗೆ ಆರರಿಂದ ಎಂಟು ಬಾಟಲಿ. ಕೊಯ್ಲಿಗೆ ಒಂದೂವರೆ ಎರಡು ತಿಂಗಳ ಮೊದಲೇ ಕಟ್ಟಿರಬೇಕು, ಅಂದರೆ ನಮ್ಮ ಕಡೆ ಏಪ್ರಿಲ್ ಮೊದಲ ವಾರ. ಹಣ್ಣಿನಲ್ಲಿ ಹುಳ ಕಂಡ ಮೇಲೆ ಕಟ್ಟುವುದು, ಮದುವೆ ಮುಗಿದ ಮೇಲೆ ಚಪ್ಪರ ಹಾಕಿದ ಹಾಗೆ.

"ಬಾಟ್ಲಿ ತುಂಬಾ ನೊಣ ಬಿದ್ದಾವೆ, ಆದ್ರೂ ಹಣ್ಣಲ್ಲಿ ಹುಳ ಬತ್ತಾನೇ ಐತೆ" ಎಂದು ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಹೇಳಿದರು. ಈ ಪ್ರಶ್ನೆಯನ್ನೇ ಕಾಯುತ್ತಿದ್ದೆ. ಬಾಟಲಿಗೆ ಬೀಳುವುದು ಗಂಡು ಮಾತ್ರ. ಹಣ್ಣು ಚುಚ್ಚುವುದು ಹೆಣ್ಣು. ಊರಿನ ಗಂಡುಗಳೆಲ್ಲ ಬಲೆಗೆ ಬಿದ್ದರೆ ಹೆಣ್ಣಿಗೆ ಜೊತೆ ಸಿಗದೆ ಮೊಟ್ಟೆ ಜೊಳ್ಳಾಗುತ್ತದೆ ಎಂಬುದು ಲೆಕ್ಕ. ನಿಮ್ಮ ಎರಡು ಎಕರೆಯಲ್ಲಿ ಮಾತ್ರ ಬಾಟಲಿ ಇದ್ದರೆ, ಬದುವಿನಾಚೆ ಕೂಡಿಕೊಂಡ ಹೆಣ್ಣು ಈಚೆ ಬಂದು ಚುಚ್ಚುತ್ತದೆ. ಪೆಸಿಫಿಕ್ ಸಾಗರದಲ್ಲಿ ರೋಟ ಎಂಬ ಸಣ್ಣ ದ್ವೀಪವಿದೆ. 1960ರ ದಶಕದಲ್ಲಿ ಇದೇ ಮೀಥೈಲ್ ಯೂಜಿನಾಲ್ ಮತ್ತು ವಿಷ ಸವರಿದ ತುಂಡುಗಳನ್ನು ಇಡೀ ದ್ವೀಪದ ಮೇಲೆ ಹರಡಿ ಈ ನೊಣವನ್ನು ಅಲ್ಲಿಂದ ಪೂರ್ತಿ ಅಳಿಸಿದರು. ಸುತ್ತ ಸಮುದ್ರ ಇತ್ತು, ಹೊರಗಿನಿಂದ ಹೆಣ್ಣು ಬರಲಿಲ್ಲ. ನಮಗೆ ಸಮುದ್ರ ಇಲ್ಲ, ಪಕ್ಕದ ತೋಟದವರು ಇದ್ದಾರೆ. ಅವರೂ ಕಟ್ಟುವ ಹಾಗೆ ಮಾಡಿಕೊಳ್ಳಬೇಕು. ನಿಮ್ಮ ಬೇಲಿಯಲ್ಲಿ ಇನ್ನೆರಡು ಬಾಟಲಿ ಹೆಚ್ಚಿಗೆ ಕಟ್ಟುವುದಕ್ಕಿಂತ ಅವರಿಗೆ ಎರಡು ಬಾಟಲಿ ಕೊಟ್ಟು ಬನ್ನಿ, ಅದೇ ಲಾಭ.

ಹೆಣ್ಣಿಗೂ ಒಂದು ದಾರಿ ಇದೆ. ಮೊಟ್ಟೆಗೆ ಮುಂಚೆ ಅದು ಹೊಟ್ಟೆಪಾಡಿಗೆ ಸಿಹಿ ಅಂಟು ಹುಡುಕುತ್ತದೆ. ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ ಕರಗಿಸಿ, ಲೇಬಲ್ ಅಳತೆಯಷ್ಟೇ ಕೀಟನಾಶಕ ಬೆರೆಸಿ, ಮರದ ಕಾಂಡಕ್ಕೆ ಮಾತ್ರ ಎರಚಿ. ಹಣ್ಣಿಗಲ್ಲ, ಎಲೆಗಲ್ಲ. ನಲವತ್ತು ಮರದ ಮೈಯೆಲ್ಲ ತೋಯಿಸುವ ಜಾಗದಲ್ಲಿ ಒಂದೆರಡು ಕ್ಯಾನಿನಲ್ಲಿ ಮುಗಿಯುತ್ತದೆ.

ಆದರೆ ಇವೆಲ್ಲಕ್ಕಿಂತ ಮೊದಲು ಬಿದ್ದ ಹಣ್ಣು. ವಾರಕ್ಕೆ ಎರಡು ಸಲ ಆಯಬೇಕು. ವಾರಕ್ಕೊಂದೇ ಸಲ ಆದರೆ ಅಷ್ಟರೊಳಗೆ ಹುಳ ಮಣ್ಣಿಗೆ ಇಳಿದಿರುತ್ತದೆ, ನೀವು ಆಯುವುದು ಬರೀ ಸಿಪ್ಪೆ. ಆಯ್ದದ್ದನ್ನು ಏನು ಮಾಡುತ್ತೀರಿ ಎಂದು ಬೆಳಿಗ್ಗೆ ಇಲ್ಲಿಯ ಯಜಮಾನರನ್ನು ಕೇಳಿದೆ. "ತಿಪ್ಪೆಗೆ ಹಾಕ್ತೀವಿ" ಎಂದರು. ತಿಪ್ಪೆ ಎಂದರೆ ಬೆಚ್ಚಗಿನ ಸಡಿಲ ಗೊಬ್ಬರ. ಹುಳಕ್ಕೆ ಅದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಬೇರೆ ಬೇಕೇ? ಗುಂಡಿಯಾದರೆ ಎರಡು ಅಡಿ ಆಳ ಮಣ್ಣು ಮೇಲೆ ಬಿದ್ದು ತುಳಿದಿರಬೇಕು. ತೆಳ್ಳಗೆ ಮುಚ್ಚಿದರೆ ನೊಣ ಮಣ್ಣು ಸೀಳಿಕೊಂಡು ಬರುತ್ತದೆ. ಅಗೆಯಲು ಆಳಿಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಒಂದು ವಾರ ಬಿಸಿಲಿಗಿಡಿ. ಹವಾಯಿಯಲ್ಲಿ ಬಲೆಯ ಡೇರೆಯೊಳಗೆ ಬಿದ್ದ ಹಣ್ಣು ತುಂಬುತ್ತಾರಂತೆ. ಬಲೆಯ ಕಣ್ಣು ಎಷ್ಟು ಸಣ್ಣದೆಂದರೆ ನೊಣ ಒಳಗೇ ಸಾಯುತ್ತದೆ, ಹುಳದೊಳಗೆ ಬೆಳೆದ ಪರಾವಲಂಬಿ ಕಣಜ ಮಾತ್ರ ತೂರಿ ತೋಟಕ್ಕೆ ಹೋಗುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ನಮ್ಮಲ್ಲಿ ಸದ್ಯಕ್ಕೆ ಕೊಯ್ಲು ಮುಗಿದ ಮೇಲೆ ಪಾತಿ ಮಣ್ಣು ಮೆಲ್ಲಗೆ ಕೆದಕಿ ನಾಟಿ ಕೋಳಿ ಬಿಟ್ಟರೆ, ಉಳಿದ ಕೋಶಗಳನ್ನು ಅವೇ ಆಯ್ದುಕೊಳ್ಳುತ್ತವೆ.

ಬೇರೆ ಕೀಟಗಳ ಸಂದುಗಳನ್ನು ಬೇಗ ಹೇಳುತ್ತೇನೆ. ಹೂತೆನೆಯ ರಸ ಹೀರುವ ಜಿಗಿ ಹುಳಕ್ಕೆ ತೆನೆ ಹೊರಡುವ ಸಮಯ. ತೆನೆಯ ಕೆಳಗೆ ಬಿಳಿ ಬಟ್ಟೆ ಹಿಡಿದು ಎರಡು ಏಟು ತಟ್ಟಿ, ಬಿದ್ದದ್ದನ್ನು ಎಣಿಸಿ. ತೆನೆಗೆ ನಾಲ್ಕೈದು ದಾಟಿದರೆ ಒಂದು ಸಲ ಹೊಡೆಯಿರಿ, ಇಲ್ಲದಿದ್ದರೆ ಬೇವಿನ ಕಷಾಯ ಸಾಕು: ಐದು ಕಿಲೋ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, ನೂರು ಲೀಟರ್ ಮಾಡಿ, ಸ್ವಲ್ಪ ಸೋಪು. ಹೂ ಪೂರ್ತಿ ಅರಳಿದಾಗ ಯಾವುದನ್ನೂ ಹೊಡೆಯಬೇಡಿ. ಮಾವಿನ ಹೂವಿಗೆ ಪರಾಗ ಹೊರುವವರಲ್ಲಿ ಜೇನಿನ ಜೊತೆ ನೊಣಗಳ ಪಾಲು ದೊಡ್ಡದು, ನೊಣವೆಂದರೆಲ್ಲ ಊಜಿಯಲ್ಲ. ಕೊಯ್ಲಾದ ಮೇಲೆ ನಡುಗೊಂಬೆ ತೆಗೆಸಿ ಮರದೊಳಗೆ ಬಿಸಿಲು ಬೀಳಿಸಿದರೆ ಜಿಗಿ ಹುಳ ತಾನಾಗಿ ಕಡಿಮೆ. ಕಾಂಡ ಕೊರಕಕ್ಕೆ ಮರದ ಪುಡಿ ಉದುರುವ ತೂತೇ ಬಾಗಿಲು: ಸೈಕಲ್ ಕಡ್ಡಿ ತೂರಿಸಿ ಹುಳ ಎಳೆದು, ಸೀಮೆಎಣ್ಣೆಯ ಹತ್ತಿ ತುರುಕಿ ಮಣ್ಣು ಮೆತ್ತಿ. ವಾಟೆಯೊಳಗೆ, ಅಂದರೆ ಗೊರಟಿನೊಳಗೆ, ಬೆಳೆಯುವ ವಾಟೆ ಹುಳ ವರ್ಷಕ್ಕೆ ಒಂದೇ ಪೀಳಿಗೆ, ಆದ್ದರಿಂದ ತೋಟದಲ್ಲಿ ತಿಂದು ಎಸೆದ ವಾಟೆ ಉಳಿಯದಂತೆ ನೋಡಿಕೊಂಡರೆ ಮುಂದಿನ ವರ್ಷಕ್ಕೆ ಬೀಜವೇ ಇರುವುದಿಲ್ಲ.

ಸಕಲೇಶಪುರದಿಂದ ಬಂದವರೊಬ್ಬರು ಕಾಫಿ ತೋಟದ ಕಿತ್ತಳೆಯ ಬಗ್ಗೆ ಕೇಳಿದರು: "ಹಣ್ಣಾಗೋ ಹೊತ್ತಿಗೆ ಸೂಜಿ ತೂತು ಬಿದ್ದು ಉದುರ್ತಾವೆ, ಕೊಯ್ದು ನೋಡಿದ್ರೆ ಹುಳನೇ ಇಲ್ಲ." ಹುಳ ಇಲ್ಲ ಎಂದರೆ ಅದು ಊಜಿಯಲ್ಲ, ರಸ ಹೀರುವ ಪತಂಗ. ಕತ್ತಲಾದ ಮೇಲೆ ಬರುತ್ತದೆ, ಟಾರ್ಚ್ ಹಿಡಿದು ಹೋದರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಇದರ ಮರಿಹುಳ ಕಿತ್ತಳೆ ಗಿಡ ಮುಟ್ಟುವುದಿಲ್ಲ. ಬೇಲಿಯ ಅಮೃತಬಳ್ಳಿ, ಅದರ ಜಾತಿಯ ಬಳ್ಳಿಗಳಲ್ಲಿ ಬೆಳೆಯುತ್ತದೆ. ಕಿತ್ತಳೆಗೆ ಔಷಧಿ ಹೊಡೆದು ಏನು ಪ್ರಯೋಜನ? ತೋಟದ ಅಂಚಿನ ಬಳ್ಳಿ ತೆಗೆಯಿರಿ. ಮನೆಮದ್ದಿಗೆ ಬೇಕಾದ ಒಂದು ಬಳ್ಳಿ ಮನೆ ಹತ್ತಿರ ಇರಲಿ, ಅದರ ಹುಳ ಕೈಯಲ್ಲಿ ಆಯಿರಿ. ಕೆಲವೇ ಮರ ಇದ್ದರೆ ಹಣ್ಣಿಗೆ ಚೀಲ ಕಟ್ಟಿ.

ಅವರೇ ಮರದ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯ ಬಗ್ಗೆಯೂ ಕೇಳಿದರು, ಇಟ್ಟುಕೊಳ್ಳಬೇಕೋ ಸುಡಬೇಕೋ ಎಂದು. ಮಲೆನಾಡಿನವರಿಗೆ ಚಗಳಿ ಚಟ್ನಿಯೂ ಹೌದು, ಕಚ್ಚುವ ಕಾಟವೂ ಹೌದು. ಚೀನಾದಲ್ಲಿ ಸುಮಾರು 1,700 ವರ್ಷದ ಹಿಂದೆಯೇ ಕಿತ್ತಳೆ ತೋಟಕ್ಕೆ ಈ ಇರುವೆಯ ಗೂಡುಗಳನ್ನು ಸಂತೆಯಲ್ಲಿ ಕೊಂಡು ತಂದು ಕಟ್ಟುತ್ತಿದ್ದರು. ಮಾವು, ಗೋಡಂಬಿಯಲ್ಲಿ ಅದು ಕಾವಲುಗಾರ. ಆದರೆ ಹಿಟ್ಟು ತಿಗಣೆ, ಶಲ್ಕ ಕೀಟದ ಸಿಹಿಗೆ ಆಸೆಪಟ್ಟು ಅವುಗಳನ್ನೂ ಕಾಯುತ್ತದೆ, ಗುಲಗಂಜಿ ಹುಳವನ್ನು ಓಡಿಸುತ್ತದೆ. ನನ್ನ ಅಭಿಪ್ರಾಯ: ಮಾವಿನಲ್ಲಿ ಬಿಡಿ, ತಿಗಣೆ ಹತ್ತಿದ ಕಾಫಿ, ಕಿತ್ತಳೆಯಲ್ಲಿ ಗೂಡು ತೆಗೆಯಿರಿ.

ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. "ನೀವು ಹೇಳಿದ್ದು ಸರಿ ಕಣಪ್ಪ. ನಾನು ಹೂವಿಗೇ ತೋಟ ಗುತ್ತಿಗೆ ಕೊಟ್ಬಿಡ್ತೀನಿ. ಗುತ್ತಿಗೆಯೋನು ಮರದ ಮೇಲಿಂದು ಕೊಯ್ಕೊಂಡು ಹೋಯ್ತಾನೆ, ಬಿದ್ದಿದ್ದು ಅವನಿಗೆ ಬ್ಯಾಡ. ನಾನ್ಯಾಕೆ ಆಯ್ಲಿ ಅಂತ ನಾನೂ ಸುಮ್ಕಿರ್ತೀನಿ." ಸಭೆಯಲ್ಲಿ ಎಷ್ಟೋ ತಲೆಗಳು ಆಡಿದವು. ನಮ್ಮ ಸೀಮೆಯ ಊಜಿಯೆಲ್ಲ ಈ 'ನಾನ್ಯಾಕೆ' ಎಂಬ ಮಾತಿನೊಳಗೇ ಮೊಟ್ಟೆ ಇಡುತ್ತಿದೆ. ಗುತ್ತಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಿಕೊಳ್ಳಿ ಎಂದೆ. "ಎಂಥ ಸಾಲು, ಬರ್ದು ಕೊಡಿ" ಎಂದರು. ಅವರದೇ ಜೇಬಿನ ಲಗ್ನಪತ್ರಿಕೆಯ ಹಿಂದೆ ಬರೆದುಕೊಟ್ಟೆ: "ಕಾಯಿ ಬಲಿತಂದಿನಿಂದ ಕೊಯ್ಲು ಮುಗಿಯುವವರೆಗೆ ಸೋಮವಾರ, ಶುಕ್ರವಾರ ಬಿದ್ದ ಹಣ್ಣು ಆಯ್ದು ಎರಡು ಅಡಿ ಮಣ್ಣಿನಡಿ ಹೂಳುವುದು ಗುತ್ತಿಗೆದಾರರ ಕೆಲಸ. ತಪ್ಪಿದ ದಿನ ಮಾಲೀಕರು ಆಳು ಹಾಕಿ ಆಯಿಸಿ, ಆ ಕೂಲಿಯನ್ನು ಮುಂಗಡದಲ್ಲಿ ಹಿಡಿದುಕೊಳ್ಳತಕ್ಕದ್ದು." ಅವರು ಎರಡು ಸಲ ಓದಿಸಿ ಕೇಳಿದರು, ಪಕ್ಕದ ತೋಟದವರಿಗೂ ಒಂದು ಬರೆದುಕೊಡಿ ಎಂದರು. ಬರೆದೆ.